ತಂಗಿಯ ಮನೆಯ ಚಳಿಗಾಲದ ದೀಪಗಳು

ನನ್ನ ತಂಗಿಯ ಮನೆಯ ದೀಪಗಳು ಕೆಟ್ಟುಹೋಗಲಿ ಎಂದು ನಾನು ಧನುರ್ಮಾಸದಲ್ಲಿ ದಿನಗಟ್ಟಲೆ ಕಾದಿದ್ದೇನೆ. ಬೆಳಗ್ಗೆ ಐದೂವರೆಗೆ ಎದ್ದು, ಬಾಗಿಲಿಗೆ ನೀರು ಹಾಕುವ ನೆಪದಲ್ಲಿ ಹೊರಗೆ ಬಂದರೆ ಮೊದಲು ನೋಡುತ್ತಿದ್ದದ್ದು ನಮ್ಮ ಬಾಗಿಲನ್ನಲ್ಲ, ಅವಳ ಮನೆಯ ಸಜ್ಜವನ್ನು. ಎದುರು ಮನೆ ಕಾಣದಷ್ಟು ಮಂಜು ಬಿದ್ದ ದಿನವೂ ಆ ದೀಪಗಳ ಸಾಲು ಮಾತ್ರ ಒಂದು ಚೂರೂ ಮಂಕಾಗದೆ ಉರಿಯುತ್ತಿತ್ತು. ನಾನು ಚೊಂಬಿನ ನೀರನ್ನು ಸಿಟ್ಟಿನಿಂದ ಎರಚಿ ಒಳಗೆ ಹೋಗುತ್ತಿದ್ದೆ.

ನಮ್ಮದು ಶಿಡ್ಲಘಟ್ಟದ ಅಂಚಿನಲ್ಲಿರುವ ಬಡಾವಣೆ. ಮೇಷ್ಟರಾಗಿದ್ದ ಅಪ್ಪ ಕೊಂಡಿದ್ದ ಒಂದು ಸೈಟನ್ನು ಎರಡು ಪಾಲು ಮಾಡಿ ಇಬ್ಬರು ಹೆಣ್ಣುಮಕ್ಕಳಿಗೆ ಕೊಟ್ಟರು. ನಡುವೆ ಎದೆಮಟ್ಟದ ಒಂದು ಗೋಡೆ. ಅದರ ಮೇಲಿಂದಲೇ ನಮ್ಮ ಸಾರಿನ ಪಾತ್ರೆ, ಮೊಸರಿನ ಹೆಪ್ಪು, ಊರ ಸುದ್ದಿ ಎಲ್ಲ ಆಚೀಚೆ ಆಗುತ್ತಿತ್ತು. ನಾನು ಚಿಂತಾಮಣಿ ರಸ್ತೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನನ್ನ ಗಂಡ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ತಂಗಿಯ ಗಂಡ ಮಿಲಿಟರಿಯಲ್ಲಿ ಕರೆಂಟಿನ ಕೆಲಸದಲ್ಲಿದ್ದವರು. ನೌಕರಿಯ ಬಹುಪಾಲು ಹಿಮ ಬೀಳುವ ಬೆಟ್ಟಗಳಲ್ಲೇ ಕಳೆದರು. ವರ್ಷಕ್ಕೊಮ್ಮೆ ರಜೆಯ ಮೇಲೆ ಬಂದು, ಒಂದೆರಡು ತಿಂಗಳಿದ್ದು, ಟ್ರಂಕು ಹೊತ್ತು ಹೋಗುತ್ತಿದ್ದರು. ಎರಡು ವರ್ಷದ ಹಿಂದೆ ನಿವೃತ್ತರಾಗಿ ಮನೆಗೆ ಬಂದರು.

ನಿಜ ಹೇಳಬೇಕೆಂದರೆ ನನ್ನ ಹೊಟ್ಟೆಕಿಚ್ಚು ದೀಪಕ್ಕಿಂತ ಮೊದಲೇ ಶುರುವಾಗಿತ್ತು. ಆ ಮನುಷ್ಯ ಬಂದ ಮೊದಲ ವಾರದಲ್ಲೇ ಸೋರುವ ನಲ್ಲಿಗಳನ್ನೆಲ್ಲ ಸರಿಮಾಡಿದರು. ಎರಡನೆಯ ವಾರ ತಂಗಿಗೆ ಕೈ ನಿಲುಕುವ ಹಾಗೆ ಅಡುಗೆಮನೆಯ ಶೆಲ್ಫನ್ನು ಇಳಿಸಿದರು. ಬೆಳಗ್ಗೆ ಜಗಲಿಯ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಚಳಿಗೆ ಅವಳ ಹಿಮ್ಮಡಿ ಒಡೆಯುತ್ತದೆಂದು ಉಣ್ಣೆಯ ಕಾಲುಚೀಲ ಹಾಕಿಸಿ, ಬೀದಿಯವರೆದುರೇ "ಇವತ್ತು ಹಾಕ್ಕೊಂಡಿಲ್ವಾ?" ಎಂದು ಕೇಳುತ್ತಿದ್ದರು. ನನ್ನವರು ಒಳ್ಳೆಯವರೇ. ಮೂವತ್ತು ವರ್ಷದಲ್ಲಿ ನನ್ನ ಮೇಲೆ ಒಂದು ದೊಡ್ಡ ದನಿ ಎತ್ತಿಲ್ಲ. ಆದರೆ ಮನೆಯಲ್ಲಿ ಬಲ್ಬು ಹೋದರೆ "ಬೆಳಕಿರೋ ರೂಮಲ್ಲಿ ಕೂತ್ಕೋ" ಎನ್ನುವವರು.

ಕಳೆದ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ತಂಗಿಯ ಮನೆಯ ಸುತ್ತ ಏಣಿ ಓಡಾಡತೊಡಗಿತು. ಆತ ಮೇಲೆ ನಿಂತು ಸಜ್ಜದ ಅಡಿಗೆ ಅಲ್ಯೂಮಿನಿಯಂ ಪಟ್ಟಿ ಇಟ್ಟು ಸ್ಕ್ರೂ ಬಿಗಿಯುವುದು, ಇವಳು ಕೆಳಗೆ ಏಣಿ ಹಿಡಿದು ಸ್ಕ್ರೂಗಳನ್ನು ಒಂದೊಂದಾಗಿ ಕೊಡುವುದು. ಹೀಗೆ ಒಂದು ವಾರ ನಡೆಯಿತು. ನಾನು ಕಿಟಕಿಯ ಬಳಿ ಕೂತು ಮಕ್ಕಳ ನೋಟ್‌ಬುಕ್ಕು ತಿದ್ದುತ್ತಿದ್ದೆ. ಅವರ ಮಾತು ಕೇಳುತ್ತಿರಲಿಲ್ಲ, ನಗು ಕೇಳುತ್ತಿತ್ತು.

"ಏನೇ ಇದು, ಮದುವೆ ಮನೆ ಥರ?" ಎಂದು ಗೋಡೆಯ ಮೇಲಿಂದ ಕೇಳಿದೆ.

"ಮದುವೆ ಮನೇದು ಮೂರು ದಿನಕ್ಕೆ ಬಿಚ್ತಾರಲ್ಲಕ್ಕ. ಇದು ಬಿಚ್ಚೋದೇ ಇಲ್ವಂತೆ. ಪರ್ಮನೆಂಟಂತೆ" ಎಂದಳು. ಆ 'ಅಂತೆ'ಯಲ್ಲಿ ಎಷ್ಟು ಹೆಮ್ಮೆಯಿತ್ತೆಂದರೆ ನನಗೆ ತಡೆಯಲಾಗಲಿಲ್ಲ.

ದೀಪಾವಳಿಯ ಸಂಜೆ ಸ್ವಿಚ್ ಹಾಕಿದರು. ಕಣ್ಣಿಗೆ ಚುಚ್ಚುವ ಬಣ್ಣಗಳಿರಲಿಲ್ಲ. ಮನೆಯ ಸುತ್ತ, ಸಜ್ಜದ ಅಡಿಯಲ್ಲಿ, ತುಪ್ಪದ ಬಣ್ಣದ ಬೆಳಕು ಗೋಡೆಗುಂಟ ಕೆಳಗಿಳಿಯುತ್ತಿತ್ತು, ಅಷ್ಟೆ. ಬೀದಿಯವರೆಲ್ಲ ನಿಂತು ನೋಡಿದರು. ನನ್ನ ಗಂಡನಂತೂ "ಆಹಾ, ಏನ್ ಕೆಲಸ ರೀ!" ಎಂದು ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂತುಬಿಟ್ಟರು. ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಚೆನ್ನಾಗಿದೆ. ಆದ್ರೆ ಚಳಿಗಾಲ ಬರಲಿ. ನಮ್ಮ ಕಡೆ ಥಂಡಿಗೆ ಈ ಎಲ್‌ಇಡಿ ಎಲ್ಲ ನಿಲ್ಲಲ್ಲ."

ಇದು ಸುಳ್ಳೆಂದು ನನಗೆ ಗೊತ್ತಿತ್ತು. ಬಿಸಿಯೇ ಇಂಥ ದೀಪದ ಶತ್ರು, ತಂಪಿದ್ದಷ್ಟೂ ಅದು ಚೆನ್ನಾಗಿ ಉರಿಯುತ್ತದೆ, ಹೆಚ್ಚು ದಿನ ಬಾಳುತ್ತದೆ ಎಂದು ನಾನೇ ತರಗತಿಯಲ್ಲಿ ಹೇಳಿದ್ದೇನೆ. ಆದರೆ ಹೇಳುವವಳು ವಿಜ್ಞಾನದ ಟೀಚರಾದ್ದರಿಂದ ಬೀದಿಯವರು ಹೌದೌದೆಂದು ತಲೆಯಾಡಿಸಿದರು. ತಂಗಿಯ ಮುಖ ಸ್ವಲ್ಪ ಇಳಿಯಿತು. ನಾನು ಬಯಸಿದ್ದೂ ಅದನ್ನೇ.

ಆಕೆಯ ಗಂಡ ಮಾತ್ರ ನಕ್ಕರು. "ಥಂಡಿ ಅಂದ್ರೆ ಇದಕ್ಕೆ ಇಷ್ಟ ಅಕ್ಕ. ನಾವಿದ್ದ ಜಾಗದಲ್ಲಿ ಉಸಿರು ಬಿಟ್ರೆ ಮೀಸೆ ಮೇಲೆ ಐಸ್ ಕೂರೋದು. ಅಲ್ಲೂ ದೀಪ ಕೆಟ್ಟಿದ್ದು ನಾನು ನೋಡ್ಲಿಲ್ಲ. ಕೆಡ್ತಿದ್ದದ್ದು ವೈರು. ಆ ಚಳೀಲಿ ಬಗ್ಗಿಸಿದ್ರೆ ಕಡ್ಡಿ ಥರ ಪಟ್ ಅನ್ನೋದು. ಮತ್ತೆ ಅಡಾಪ್ಟರು. ನಮ್ಮೂರಲ್ಲಿ ಅಂಥ ಚಳಿ ಎಲ್ಲಿ ಬರ್ಬೇಕು? ಇಲ್ಲಿ ಇಬ್ಬನಿ ಒಂದನ್ನ ನೋಡ್ಕೊಂಡ್ರೆ ಸಾಕು."

ಅದಾದ ಮೂರನೆಯ ದಿನ ನಾನು ಚಿಂತಾಮಣಿಯ ಒಂದು ಅಂಗಡಿಗೆ ಹೋಗಿ ನಮ್ಮ ಮನೆಗೂ ದೀಪದ ಪಟ್ಟಿ ಗೊತ್ತುಮಾಡಿಬಂದೆ. ಅಂಗಡಿಯಿಂದ ಬಂದವನು ಒಂದೇ ಮಧ್ಯಾಹ್ನದಲ್ಲಿ ಪ್ಯಾರಾಪೆಟ್ ಗೋಡೆಗೆ ಅಂಟಿನ ಟೇಪು ಹಚ್ಚಿ, ಪಟ್ಟಿ ಅಂಟಿಸಿ, ಅಡಾಪ್ಟರನ್ನು ಹೊರಗಡೆ ಸಜ್ಜದ ಮೇಲೆ ಇಟ್ಟು, ರಿಮೋಟ್ ಕೈಗೆ ಕೊಟ್ಟು ಹೋದ. ಕೆಂಪು, ಹಸಿರು, ನೀಲಿ, ಬಿಳಿ, ಬೇಕಾದ ಬಣ್ಣ. ಅವಳ ಮನೆಯದಕ್ಕಿಂತ ನಮ್ಮದು ಎರಡರಷ್ಟು ಪ್ರಕಾಶ. ಹಾದುಹೋಗುವ ಬಸ್ಸಿನಿಂದಲೂ ಜನ ತಿರುಗಿ ನೋಡುತ್ತಿದ್ದರು. ಎರಡು ವಾರ ನಾನು ಬೀದಿಯಲ್ಲಿ ನಡೆದ ರೀತಿಯೇ ಬೇರೆ.

ಆಮೇಲೆ ಚಳಿ ಶುರುವಾಯಿತು. ನಂದಿ ಬೆಟ್ಟದ ಕಡೆಯಿಂದ ಬೆಳಗಿನ ಹೊತ್ತು ಮಂಜು ಉರುಳಿಬರುವ ಕಾಲ. ಮೊದಲು ಟೇಪು ಬಿಟ್ಟಿತು. ಒಂದು ಬೆಳಗ್ಗೆ ನೋಡಿದರೆ ಪಟ್ಟಿಯ ಒಂದು ತುದಿ ಒಣಗಿದ ಹೀರೆಬಳ್ಳಿಯ ಹಾಗೆ ಬಾಗಿಲ ಮುಂದೆ ಜೋತಾಡುತ್ತಿತ್ತು. ನನ್ನವರನ್ನು ಏಣಿ ಹತ್ತಿಸಿ ಮತ್ತೆ ಒತ್ತಿಸಿದೆ. ಮರುದಿನ ಇನ್ನೊಂದು ತುದಿ ಬಿಟ್ಟಿತು. ನಂತರ ಪಟ್ಟಿಯೊಳಗೆ ಸಣ್ಣ ಸಣ್ಣ ನೀರಹನಿ ಕಾಣಿಸಿಕೊಂಡು, ಬಿಳಿ ಬೆಳಕು ಗುಲಾಬಿಯಾಯಿತು. ಯಾವ ಗುಂಡಿ ಒತ್ತಿದರೂ ಗುಲಾಬಿಯೇ. ಕೊನೆಗೆ ಎಡಗಡೆಯ ಅರ್ಧ ಪೂರಾ ಆರಿತು.

"ಇನ್ನೊಂದರ್ಧ ಉರೀತಾ ಇದೆಯಲ್ಲ" ಎಂದರು ನನ್ನ ಗಂಡ.

ತಂಗಿಯ ಗಂಡ ಗೋಡೆಯಾಚೆಯಿಂದ "ಅಕ್ಕ, ಏಣಿ ತರ್ಲಾ? ಅರ್ಧ ಗಂಟೆ ಕೆಲಸ" ಎಂದು ಕೂಗಿದರು. ಅವರ ಹಿಂದೆ ತಂಗಿ ನಿಂತಿದ್ದಳು. ಅವಳು ನಗುತ್ತಿರಲಿಲ್ಲ. ಆದರೂ ಒಳಗೊಳಗೇ ನಗುತ್ತಿದ್ದಾಳೆ ಎಂದೇ ನನಗೆ ಅನಿಸಿತು.

"ಬೇಡ, ಗ್ಯಾರಂಟಿ ಇದೆ. ಅಂಗಡಿಯವರೇ ಬರ್ತಾರೆ" ಎಂದೆ. ಅಂಗಡಿಯವರು ಫೋನ್ ಎತ್ತುವುದನ್ನು ನಿಲ್ಲಿಸಿ ವಾರವಾಗಿತ್ತು.

ಧನುರ್ಮಾಸದ ನನ್ನ ಕಾವಲು ಶುರುವಾದದ್ದು ಆಗಲೇ. ನನ್ನದು ಕೆಟ್ಟಿತು, ಅವಳದೂ ಕೆಡಲಿ. ಇಬ್ಬರದೂ ಕೆಟ್ಟರೆ ನಾನು ಹೇಳಿದ ಮಾತು ನಿಜವಾಗುತ್ತದೆ. ಅವರ ದೀಪ ಸಂಜೆ ಆರರಿಂದ ಹತ್ತರ ತನಕ, ಮತ್ತೆ ಬೆಳಗ್ಗೆ ಐದರಿಂದ ಸೂರ್ಯ ಹುಟ್ಟುವ ತನಕ ತಾನಾಗೇ ಹತ್ತಿಕೊಳ್ಳುತ್ತಿತ್ತು. ಆ ಬೆಳಕಿನಲ್ಲಿ ತಂಗಿ ರಂಗೋಲಿ ಹಾಕುತ್ತಿದ್ದಳು. ಆತ ಕಂಬಳಿ ಹೊದ್ದು ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತ ನೋಡುತ್ತಿದ್ದರು. ನಾನು ನನ್ನ ಗುಲಾಬಿ ಬೆಳಕಿನ ಅರ್ಧದಲ್ಲಿ ಚುಕ್ಕಿ ಇಡುತ್ತಿದ್ದೆ. ನನ್ನವರು ಒಳಗೆ ಮಲಗಿರುತ್ತಿದ್ದರು.

ನಮ್ಮಿಬ್ಬರ ಮನೆಯ ಹಿಂದೆ ರೇಷ್ಮೆ ಹುಳು ಸಾಕುವ ಒಂದು ಮನೆಯಿದೆ. ಅಲ್ಲಿಯ ಅಜ್ಜಿಗೆ ಮಾತಿನ ಅರ್ಧ ಕನ್ನಡ, ಅರ್ಧ ತೆಲುಗು. ಒಂದು ಸಂಜೆ ಕರಿಬೇವಿಗೆಂದು ಹೋದಾಗ ಅಜ್ಜಿ ಚಿಂತೆಯಲ್ಲಿದ್ದರು. ಹುಳು ನಾಲ್ಕನೆಯ ಜ್ವರದಿಂದ ಎದ್ದಿದ್ದವು. ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಎದ್ದ ಮೇಲೆ ದಬದಬ ಸೊಪ್ಪು ತಿನ್ನಬೇಕಾದವು ಮಂಕಾಗಿ ಬಿದ್ದಿದ್ದವು.

"ಈ ಸಲ ಚಲಿ ಜಾಸ್ತಿ ಟೀಚರಮ್ಮ. ಸೊಪ್ಪು ಮುಟ್ತಾನೇ ಇಲ್ಲ, ಏಮ್ ಮಾಡೋದೋ" ಎಂದರು.

ನಾನು ತಲೆಯೆತ್ತಿದೆ. ತಂಗಿಯ ಮನೆಯ ಹಿಂಭಾಗದ ದೀಪಗಳ ಬೆಳಕು ಹುಳುಮನೆಯ ಜಾಲರಿ ಕಿಟಕಿಯ ಮೇಲೆ ತೆಳ್ಳಗೆ ಬಿದ್ದಿತ್ತು. ಹುಳುವಿನ ವಿಷಯ ನನಗೆ ಏನೇನೂ ಗೊತ್ತಿರಲಿಲ್ಲ. ಆದರೂ ಬಾಯಿ ತಾನಾಗೇ ಮಾತಾಡಿತು.

"ಚಳಿ ಒಂದೇ ಅಲ್ಲಮ್ಮ. ಆ ಬೆಳಕು ನೋಡಿ. ಸಂಜೆ ಆದ್ಮೇಲೂ ಹಗಲಿದ್ದ ಹಾಗೆ ಇದ್ರೆ ಹುಳಕ್ಕೆ ಹೊತ್ತು ಗೊತ್ತಾಗುತ್ತಾ? ಅವಕ್ಕೂ ಕತ್ತಲೆ ಬೇಡ್ವಾ?"

ಅಜ್ಜಿ ಬೆಳಕನ್ನು ನೋಡಿದರು, ನನ್ನನ್ನು ನೋಡಿದರು. "ನಿಜವೇ ಟೀಚರಮ್ಮ?"

"ನಾನು ಸೈನ್ಸ್ ಓದಿರೋಳು. ಸುಳ್ಳು ಯಾಕೆ ಹೇಳ್ಲಿ? ಆದ್ರೆ ನಾನು ಹೇಳ್ದೆ ಅಂತ ಹೇಳ್ಬೇಡಿ. ತಂಗಿ ಮನೆ ಅಲ್ವಾ."

ಮರುದಿನ ಸಂಜೆ ಅಜ್ಜಿ ತಂಗಿಯ ಮನೆಯ ಹಿತ್ತಲ ಬಾಗಿಲಿಗೆ ಬಂದರು. ನಾನು ನಮ್ಮ ಬಚ್ಚಲುಮನೆಯ ಕಿಟಕಿಯ ಹಿಂದೆ ನಿಂತು ಕೇಳಿಸಿಕೊಂಡೆ. ಜಗಳವಾಗಬಹುದು, ಕೊನೇಪಕ್ಷ ಆತನಿಗೆ ಬೇಜಾರಾಗಬಹುದು ಎಂದುಕೊಂಡಿದ್ದೆ. ಆತ "ಅಷ್ಟೇನಾ ಅಮ್ಮ? ಮೊದಲೇ ಹೇಳ್ಬಾರ್ದಾ?" ಎಂದವರೇ ಒಳಗೆ ಹೋಗಿ ಹಿಂದಿನ ಸಾಲು ಮಾತ್ರವಲ್ಲ, ಇಡೀ ಮನೆಯ ದೀಪ ಆರಿಸಿದರು. "ಗೂಡು ಕಟ್ಟೋ ತನಕ ಹಾಕಲ್ಲ, ನಿಶ್ಚಿಂತೆಯಾಗಿರಿ" ಎಂದರು. ಅಷ್ಟಕ್ಕೂ ನಿಲ್ಲಲಿಲ್ಲ. ಅಜ್ಜಿಯ ಜೊತೆ ಹುಳುಮನೆಯೊಳಗೆ ಹೋಗಿ, ಗೋಡೆಯ ಸಂದುಗಳಿಂದ ಗಾಳಿ ನುಗ್ಗುತ್ತಿರುವುದನ್ನು ಕೈಯಿಟ್ಟು ನೋಡಿ, ಮರುದಿನ ಗೋಣಿಚೀಲ ತಂದು ಉತ್ತರದ ಕಿಟಕಿಗಳನ್ನೆಲ್ಲ ಮುಚ್ಚಿದರಂತೆ. ಇದ್ದಿಲ ಒಲೆಯನ್ನು ಬಾಗಿಲ ಬಳಿಯಿಂದ ತೆಗೆದು ಎಲ್ಲಿಡಬೇಕೆಂದು ತೋರಿಸಿಕೊಟ್ಟರಂತೆ. ಅದು ನನಗೆ ತಿಳಿದದ್ದು ಆಮೇಲೆ.

ಹತ್ತು ಹದಿನೈದು ದಿನ ತಂಗಿಯ ಮನೆ ಕತ್ತಲಲ್ಲಿತ್ತು. ಬೀದಿಯಲ್ಲಿ ಉರಿಯುತ್ತಿದ್ದದ್ದು ನನ್ನ ಅರ್ಧ ಗುಲಾಬಿ ಪಟ್ಟಿಯೊಂದೇ. ನನಗೆ ಖುಷಿಯಾಗಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗಿತ್ತು. ಬೆಳಗ್ಗೆ ಎದ್ದು ಹೊರಗೆ ಬಂದರೆ ಅವಳು ಟಾರ್ಚ್ ಹಿಡಿದು ರಂಗೋಲಿ ಹಾಕುತ್ತಿದ್ದಳು. ನಾನು "ಯಾಕೇ, ದೀಪ ಹೋಯ್ತಾ?" ಎಂದು ಕೇಳಿಯೂ ಬಿಟ್ಟೆ.

"ಹೋಗಿಲ್ಲಕ್ಕ. ಹಿಂದಿನ ಮನೆ ಹುಳಕ್ಕೆ ತೊಂದ್ರೆ ಆಗುತ್ತಂತೆ. ಪಾಪ" ಎಂದಳು.

ಅವರೆಕಾಯಿಯ ಕಾಲ. ಸಂಕ್ರಾಂತಿಗೆ ಮುಂಚಿನ ಒಂದು ಭಾನುವಾರ ನಾವಿಬ್ಬರೂ ಅವಳ ಜಗಲಿಯ ಮೇಲೆ, ನಡುವೆ ನೆನೆಸಿದ ಅವರೆಕಾಳಿನ ಪಾತ್ರೆಯಿಟ್ಟುಕೊಂಡು, ಸಿಪ್ಪೆ ಜಾರುವ ಹಾಗೆ ಹಿತಕುತ್ತ ಕೂತಿದ್ದೆವು. ಪ್ರತಿ ವರ್ಷದ ಹಾಗೆ ಎರಡೂ ಮನೆಗೆ ಒಟ್ಟಿಗೆ ಹಿತಕಿದ ಬೇಳೆ. ಆತ ಪಕ್ಕದಲ್ಲಿ ಪೇಪರು ಓದುತ್ತಿದ್ದರು. ಅಷ್ಟರಲ್ಲಿ ಹಿಂದಿನ ಮನೆಯ ಅಜ್ಜಿ ತಟ್ಟೆಯಲ್ಲಿ ಬಾಳೆಹಣ್ಣು, ಹೂವು ಇಟ್ಟುಕೊಂಡು ಬಂದರು. ಮುಖ ಅರಳಿತ್ತು.

"ಟೀಚರಮ್ಮನೂ ಇಲ್ಲೇ ಇದಾರೆ, ಮಂಚಿದಾಯ್ತು, ಒಳ್ಳೇದೇ ಆಯ್ತು" ಎಂದು ತಟ್ಟೆಯನ್ನು ನನ್ನ ಮುಂದೆಯೇ ಇಟ್ಟರು. "ಗೂಡು ಎಷ್ಟು ಚೆನ್ನಾಗಿ ಕಟ್ಟವೆ ಅಂದ್ರೆ, ಕಲ್ಲಿನ ಥರ ಗಟ್ಟಿ. ಎಲ್ಲ ನಿಮ್ಮ ಪುಣ್ಯ ಟೀಚರಮ್ಮ. ಆ ಬೆಳಕು ಹುಳಕ್ಕೆ ಆಗಲ್ಲ ಅಂತ ನೀವು ಹೇಳ್ದಿದ್ರೆ ನನಗ್ಯಾರು ಹೇಳ್ತಿದ್ರು?"

ಹೇಳಬೇಡಿ ಎಂದಿದ್ದನ್ನು ಅಜ್ಜಿ ಸಂತೋಷದಲ್ಲಿ ಮರೆತೇಬಿಟ್ಟಿದ್ದರು. ನನ್ನ ಬೆರಳ ನಡುವಿನ ಕಾಳು ಜಾರಿ ನೆಲಕ್ಕೆ ಬಿತ್ತು. ಆತ ಪೇಪರನ್ನು ಮಡಚಲಿಲ್ಲ, ಪುಟ ತಿರುವಲೂ ಇಲ್ಲ. ತಂಗಿ ಅಜ್ಜಿಗೆ ಕುಂಕುಮ ಕೊಟ್ಟು, ಗೇಟಿನ ತನಕ ಹೋಗಿ ಕಳಿಸಿ, ಬಂದು ಕೂತು, ನಾಲ್ಕೈದು ಕಾಳು ಹಿತಕಿದಳು.

"ನೀನು ಹೇಳಿದ್ದಾ?"

"ಅದು... ಹುಳಕ್ಕೆ..."

"ಹುಳದ ವಿಷ್ಯ ನಿಂಗೇನು ಗೊತ್ತು? ದೀಪ ಬೇಡ ಅಂತ ನನ್ನ ಕೇಳಿದ್ರೆ ನಾನೇ ಆರಿಸ್ತಿದ್ದೆ. ಅಕ್ಕ ಹೇಳ್ತಾಳೆ ಅಂತ ಆರಿಸ್ತಿದ್ದೆ."

ನಾನು ಬಿದ್ದ ಕಾಳನ್ನು ಹುಡುಕಿ ಎತ್ತಿಕೊಂಡೆ.

"ಇವರು ದೂರ ಇದ್ದದ್ದು ಇಪ್ಪತ್ತು ವರ್ಷದ ಮೇಲೆ. ದಿನಾ ಸಾಯಂಕಾಲ ಭಾವನ ಸ್ಕೂಟರ್ ಬರ್ತಿತ್ತು ನಿಮ್ಮನೆಗೆ. ನಾನು ಅಡುಗೆಮನೇಲಿ ನಿಂತು ಕೇಳಿಸ್ಕೊಳ್ತಿದ್ದೆ. ಗೇಟ್ ತೆಗೆಯೋದು, ನೀನು 'ಕಾಫಿ ಇಡ್ಲಾ?' ಅನ್ನೋದು. ಒಂದಿನ, ಒಂದೇ ಒಂದಿನ, ಆ ಸ್ಕೂಟರ್ ಕೆಡ್ಲಿ ಅಂತ ನಾನು ಅಂದ್ಕೊಂಡಿಲ್ಲ ಕಣಕ್ಕ."

"ಬಿಡೇ, ಹೋಗ್ಲಿ" ಎಂದರು ಆತ.

"ನೀವು ಸುಮ್ನಿರಿ" ಎಂದು ಅವಳು ಹಿತಕಿದ ಬೇಳೆಯನ್ನು ಸರಿಯಾಗಿ ಎರಡು ಪಾಲು ಮಾಡಿ, ನನ್ನ ಪಾಲನ್ನು ಪಾತ್ರೆಗೆ ಹಾಕಿ ನನ್ನ ಕೈಗೆ ಕೊಟ್ಟಳು. "ತಗೊಂಡ್ಹೋಗು. ಭಾವನಿಗೆ ಇಷ್ಟ."

ಅಂದಿನಿಂದ ಗೋಡೆಯ ಮೇಲೆ ಪಾತ್ರೆ ಓಡಾಡುವುದು ನಿಂತಿತು. ಅವಳ ದೀಪಗಳು ಆ ಸಂಜೆಯೇ ಮತ್ತೆ ಹತ್ತಿದವು. ನಾನು ಬೆಳಗ್ಗೆ ತಲೆತಗ್ಗಿಸಿ ನೀರು ಹಾಕಿ ಒಳಗೆ ಬರುತ್ತಿದ್ದೆ. ಸಂಕ್ರಾಂತಿಗೆ ಎಳ್ಳು ಬಂತು, ಆದರೆ ತಂದದ್ದು ಆತ. ನನ್ನ ಗಂಡ "ಯಾಕೆ, ಅವಳಿಗೇನು ಹುಷಾರಿಲ್ವಾ?" ಎಂದು ಕೇಳಿದರು. ಅವರಿಗೆ ನಾನು ಏನನ್ನೂ ಹೇಳಿರಲಿಲ್ಲ. ಆತ "ಕೆಲಸ ಸ್ವಲ್ಪ" ಎಂದು ಹೇಳಿ, ನಮ್ಮ ಪ್ಯಾರಾಪೆಟ್ಟಿನ ಕಡೆ ನೋಡಿ, "ಅಕ್ಕ, ಈ ಭಾನುವಾರ ನಿಮ್ಮದು ನೋಡ್ಲಾ?" ಎಂದರು. ಈ ಸಲ ಬೇಡವೆನ್ನುವ ಮುಖ ನನಗಿರಲಿಲ್ಲ.

ಭಾನುವಾರ ಬಿಸಿಲೇರಿದ ಮೇಲೆ ಬಂದರು. ಚಳಿಯಲ್ಲಿ ವೈರು ಮುಟ್ಟಬಾರದಂತೆ, ಟೇಪೂ ಹಿಡಿಯುವುದಿಲ್ಲವಂತೆ. ಏಣಿ ಹಿಡಿದವಳು ನಾನು. ಪಟ್ಟಿಯನ್ನೆಲ್ಲ ಬಿಚ್ಚಿ ಅಂಗಳದಲ್ಲಿ ಹರಡಿ, ಒಂದೊಂದು ತುಂಡಿಗೂ ಕರೆಂಟು ಕೊಟ್ಟು ನೋಡಿದರು.

"ನೋಡಿ, ದೀಪಕ್ಕೆ ಏನೂ ಆಗಿಲ್ಲ. ಈ ಮೂರು ಇಂಚು ಮಾತ್ರ ಹೋಗಿದೆ, ನೀರು ಹೊಕ್ಕು. ಉರಿಯುವಾಗ ಒಳಗಿನ ಗಾಳಿ ಬೆಚ್ಚಗಾಗಿ ಹೊರಗೆ ಹೋಗುತ್ತೆ. ಆರಿಸಿದ ಮೇಲೆ ತಣ್ಣಗಾಗಿ ಹೊರಗಿನ ತೇವ ಎಳ್ಕೊಳ್ಳುತ್ತೆ. ದಿನಾ ಇಷ್ಟಿಷ್ಟು."

ಬಿಸಿಗೆ ಗಾಳಿ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ ಎಂದು ಇಪ್ಪತ್ತೇಳು ವರ್ಷ ಕರಿಹಲಗೆಯ ಮೇಲೆ ಬರೆದವಳು ನಾನು. ನನ್ನ ಮನೆಯ ಮೇಲೇ ಅದು ನಡೆಯುತ್ತಿದ್ದದ್ದು ನನಗೆ ಹೊಳೆದಿರಲಿಲ್ಲ. ಕೆಟ್ಟ ತುಂಡು ಕತ್ತರಿಸಿ, ಜೋಡಣೆಗಳಿಗೆ ಸಿಲಿಕೋನ್ ಅಂಟು ತುಂಬಿ, ಪಟ್ಟಿಯನ್ನು ಒಂದು ಬದಿ ತೆರೆದ ಅಲ್ಯೂಮಿನಿಯಂ ಚಾನೆಲ್ಲಿನೊಳಗೆ ಕೂರಿಸಿ ಸ್ಕ್ರೂ ಹೊಡೆದರು. ಅಡಾಪ್ಟರನ್ನು ಮನೆಯೊಳಗಿಟ್ಟು, ವೈರು ಒಳಗೆ ಹೋಗುವ ಕಡೆ ಅದನ್ನು ಸ್ವಲ್ಪ ಕೆಳಗೆ ಜೋತುಬಿಟ್ಟು ಆಮೇಲೆ ಮೇಲೆತ್ತಿದರು. ಇಬ್ಬನಿಯ ನೀರು ಅಲ್ಲೇ ತೊಟ್ಟಿಕ್ಕಲಿ, ಒಳಗೆ ಹರಿಯದಿರಲಿ ಎಂದು.

ಏಣಿಯ ಮೇಲಿಂದ, ನನ್ನ ಕಡೆ ನೋಡದೆ ಕೇಳಿದರು: "ಯಾಕಕ್ಕ ಹಂಗ್ ಮಾಡಿದ್ರಿ?"

"ಹೊಟ್ಟೆಕಿಚ್ಚು" ಎಂದೆ.

"ಇದರ ಮೇಲಾ? ಕೇಳಿದ್ರೆ ಅವತ್ತೇ ನಿಮ್ಮನೇಗೂ ಹಾಕ್ಕೊಡ್ತಿದ್ನಲ್ಲ."

ಇದರ ಮೇಲಲ್ಲ ಎಂದು ಹೇಗೆ ಹೇಳಲಿ? ಸ್ಕ್ರೂ ಕೊಟ್ಟೆ. ಒಳಗಿನಿಂದ ನನ್ನವರು ಎಲ್ಲರಿಗೂ ಕಾಫಿ ಮಾಡಿಕೊಂಡು ಬಂದರು. ಸಕ್ಕರೆ ಹೆಚ್ಚಾಗಿತ್ತು. ಆದರೆ ಅವರಾಗೇ ಮಾಡಿದ್ದರು. ಮೂವತ್ತು ವರ್ಷದಲ್ಲಿ ಎಷ್ಟೋ ಸಲ ಮಾಡಿದ್ದಾರೆ, ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ನಂಗೇನೂ ಇಲ್ಲ ಅಕ್ಕ. ಅವಳ ಹತ್ರ ಒಂದ್ಮಾತು ಹೇಳಿ" ಎಂದು ಹೇಳಿ ಆತ ಏಣಿ ಹೊತ್ತು ಹೋದರು. ನಾನು ಹೇಳಲಿಲ್ಲ. ಎರಡು ಸಲ ಗೋಡೆಯ ತನಕ ಹೋಗಿ ವಾಪಸ್ಸು ಬಂದೆ.

ಇನ್ನೂ ಎರಡು ವಾರ ಕಳೆದಿರಬೇಕು. ಬೀದಿಯ ಕೊನೆಯ ಮನೆಯಾಕೆ ಒಂದು ಸಂಜೆ ನಮ್ಮ ಗೇಟಿನ ಮುಂದೆ ನಿಂತು, "ಟೀಚರ್, ನಿಮ್ದು ಈಗ ಚೆನ್ನಾಗಿ ಉರೀತಿದೆ. ನಾವೂ ಹಾಕಿಸಣ ಅಂತಿದೀವಿ, ಏನೇನು ನೋಡ್ಬೇಕು?" ಎಂದು ಕೇಳಿದರು. ನಾನು ಶುರುಮಾಡಿದೆ. ಚಳಿಗೆ ಇದಕ್ಕೆ ಏನೂ ಆಗಲ್ಲ, ಚಳಿಯಲ್ಲೇ ಇದು ಚೆನ್ನಾಗಿರೋದು, ಟೇಪ್ ನಂಬಬೇಡಿ, ಬಿಸಿಲಿದ್ದಾಗ ಕೂರಿಸಿ, ವೈರು ಬಿಗಿಯಾಗಿ ಎಳೀಬೇಡಿ. ತರಗತಿಯ ದನಿಯಲ್ಲಿ, ಎಲ್ಲ ನಾನೇ ಕಂಡುಹಿಡಿದ ಹಾಗೆ. ಗೋಡೆಯಾಚೆ ತಂಗಿ ಹೂವಿನ ಗಿಡಕ್ಕೆ ನೀರು ಹಾಕುತ್ತಿದ್ದಳು. ಅವಳಿಗೆ ಕೇಳಿಸುತ್ತಿದೆ ಎಂದು ಗೊತ್ತಿದ್ದೂ ನಿಲ್ಲಿಸಲಿಲ್ಲ.

"ಅಡಾಪ್ಟರ್ ಮನೆ ಒಳಗಿಡ್ಬೇಕು ಅನ್ನೋದು ಮರೆತೆ" ಎಂದಳು.

ಸುಮಾರು ಒಂದು ತಿಂಗಳ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು. ಕೊನೆಯ ಮನೆಯಾಕೆ ಇಬ್ಬರನ್ನೂ ನೋಡಿದರು.

"ಹೌದು, ಅಡಾಪ್ಟರ್ ಒಳಗಿಡಿ" ಎಂದೆ. "ನಮ್ಮ ತಂಗಿಗೆ ನನಗಿಂತ ಚೆನ್ನಾಗಿ ಗೊತ್ತು, ಅವಳನ್ನೇ ಕೇಳಿ."

ಅವಳು ಕೊಳಾಯಿ ನಿಲ್ಲಿಸಿ ಗೋಡೆಯ ಬಳಿ ಬಂದು ಹೇಳಲು ಶುರುಮಾಡಿದಳು. ಚಾನೆಲ್ಲು ಎಷ್ಟು ಉದ್ದದ್ದು ತರಬೇಕು, ಅಂಟು ಒಣಗಲು ಎಷ್ಟು ಹೊತ್ತು ಬೇಕು, ಎಲ್ಲ ಬಾಯಿಪಾಠ. ನಾನು ಪಕ್ಕದಲ್ಲಿ ನಿಂತು ಕೇಳುತ್ತಿದ್ದೆ. ಅವಳು ನನ್ನನ್ನು ಮಾತಾಡಿಸಿದಳೆಂದು ಎದೆ ಹಗುರವಾಗಿತ್ತು. ಜೊತೆಗೇ, ಒಂದು ವಾರ ಏಣಿಯ ಬುಡದಲ್ಲಿ ನಿಂತವಳಿಗೆ ಆತ ಇಷ್ಟನ್ನೂ ಬಿಡಿಸಿ ಬಿಡಿಸಿ ಹೇಳಿದ್ದಾರಲ್ಲ ಎಂದು, ಹಾಳಾದ ಹೊಟ್ಟೆ, ಮತ್ತೆ ಸಣ್ಣಗೆ ಉರಿಯಿತು.